ವಿದೇಶಾಂಗ ಸೇವೆ ಸೇರಲು ಜೆಎನ್‌ಯುನಲ್ಲಿ ಎಂಎ ಮಾಡಬೇಕೇ, ಸಾಲ ಮಾಡಿ ಅಮೆರಿಕಕ್ಕೆ ಹೋಗಬೇಕೇ?

ಪದವಿ ಮುಗಿಸಿದಾಗ ನನ್ನನ್ನೂ ಕಾಡಿದ್ದು ಇದೇ ಪ್ರಶ್ನೆ. ಭಾರತೀಯ ವಿದೇಶಾಂಗ ಸೇವೆಯ (ಐಎಫ್‌ಎಸ್) ಅಧಿಕಾರಿಯಾಗಲು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಅಂತಾರಾಷ್ಟ್ರೀಯ ಅಧ್ಯಯನ ಶಾಲೆಯೇ ಹೆದ್ದಾರಿ ಎಂದು ನಂಬಿ, ಉತ್ತರ ಕನ್ನಡದ ಕರಾವಳಿಯಿಂದ ದೆಹಲಿಗೆ ಹೋದೆ. 1955ರಲ್ಲಿ ದೆಹಲಿಯ ಸಪ್ರು ಹೌಸ್ ಕಟ್ಟಡದಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಆರಂಭವಾಗಿ, 1970ರಲ್ಲಿ ಜೆಎನ್‌ಯು ಜೊತೆ ವಿಲೀನವಾದ ಈ ಶಾಲೆಯಲ್ಲಿ ಜಗತ್ತಿನ ಒಂದೊಂದು ಭಾಗಕ್ಕೂ ಒಂದೊಂದು ಅಧ್ಯಯನ ಕೇಂದ್ರವಿದೆ. ಎಂಎ ಮುಗಿಸಿ, ಆಗಿನ್ನೂ ಇದ್ದ ಎಂಫಿಲ್ ಎಂಬ ಸಂಶೋಧನಾ ಪದವಿಗೆ ಪಶ್ಚಿಮ ಏಷ್ಯಾ ಅಧ್ಯಯನ ಕೇಂದ್ರವನ್ನು ಆರಿಸಿಕೊಂಡೆ. ನಮ್ಮೂರಿನ ಎಷ್ಟೋ ಮನೆಗಳು ಗಲ್ಫ್ ದುಡಿಮೆಯಿಂದ ನಡೆಯುತ್ತಿದ್ದುದರಿಂದ ಅಲ್ಲಿನ ವಲಸೆ ಕಾರ್ಮಿಕರೇ ನನ್ನ ವಿಷಯವಾದರು.

ಆದರೆ ಅರಬ್ಬಿ ಕಲಿಯಲಿಲ್ಲ. ಅದೇ ಕ್ಯಾಂಪಸ್ಸಿನ ಭಾಷಾ ಶಾಲೆಯಲ್ಲಿ ಅರಬ್ಬಿಗೆಂದೇ ಒಂದು ಕೇಂದ್ರವಿತ್ತು. ಐಎಫ್‌ಎಸ್‌ಗೆ ಆಯ್ಕೆಯಾದವರಿಗೆ ವಿದೇಶಾಂಗ ಸಚಿವಾಲಯವೇ ಒಂದು ಭಾಷೆಯನ್ನು ನಿಗದಿಪಡಿಸಿ ಕಲಿಸುತ್ತದೆ, ಬಹುತೇಕರನ್ನು ಅದಕ್ಕಾಗಿ ಆ ಭಾಷೆಯ ನಾಡಿಗೇ ಕಳುಹಿಸುತ್ತದೆ. ಹೀಗಿರುವಾಗ ಈಗಲೇ ಅಕ್ಷರಾಭ್ಯಾಸಕ್ಕೆ ಕೂರುವುದು ದಂಡ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆ ಸಮಯವನ್ನೆಲ್ಲ ಐಎಫ್‌ಎಸ್‌ಗೆ ಆಯ್ಕೆ ಮಾಡುವ ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಗಳಿಗೆ ಕೊಟ್ಟೆ. ಪರೀಕ್ಷೆ ಕೈಹಿಡಿಯಲಿಲ್ಲ, ಭಾಷೆಯೂ ಬರಲಿಲ್ಲ.

ಅದರ ಬೆಲೆ ಗೊತ್ತಾದದ್ದು ಊರಿನಲ್ಲಿ. ಸೌದಿಯಿಂದ ಮರಳಿದ್ದ ನೆರೆಮನೆಯ ಅಣ್ಣ ತನ್ನ ಕೆಲಸದ ಕರಾರುಪತ್ರ ತಂದು, "ನೀನು ಇದನ್ನೇ ಓದುವವನಲ್ಲವೇ ತಮ್ಮಾ, ಇದರಲ್ಲಿ ಏನಿದೆ ಹೇಳು" ಎಂದು ಕೇಳಿದ. ಹಾಳೆಯ ಒಂದು ಪಕ್ಕದಲ್ಲಿ ಇಂಗ್ಲಿಷ್, ಇನ್ನೊಂದು ಪಕ್ಕದಲ್ಲಿ ಅರಬ್ಬಿ. ಎರಡರಲ್ಲಿ ವ್ಯತ್ಯಾಸ ಬಂದರೆ ಸೌದಿ ಕಾನೂನಿನಲ್ಲಿ ಊರ್ಜಿತವಾಗುವುದು ಅರಬ್ಬಿ ಪಠ್ಯವೇ ಎಂಬುದನ್ನು ನನ್ನ ಪ್ರಬಂಧದಲ್ಲೇ ಬರೆದಿದ್ದೆ. ಆ ಪಠ್ಯದ ಸಂಬಳದ ಅಂಕಿಯನ್ನು ಮಾತ್ರ ಓದಲಾಗಲಿಲ್ಲ. ಅಲ್ಲಿ ದುಂಡಗಿರುವುದು ಐದು, ಚುಕ್ಕೆಯೇ ಸೊನ್ನೆ ಎಂಬುದೂ ನನಗೆ ತಿಳಿದಿರಲಿಲ್ಲ. ಮುಂದೆ ಪಿಎಚ್‌ಡಿಗೆ ಇಟ್ಟುಕೊಂಡಿದ್ದ ವಿಷಯವನ್ನು ಬಿಟ್ಟೆ, ಅರಬ್ಬಿ ಬಲ್ಲವರನ್ನು ಕೇಳಿದ್ದ ಸಂಶೋಧನಾ ಕೆಲಸವೂ ಕೈತಪ್ಪಿತು. ಇಂಗ್ಲಿಷ್ ಪತ್ರಿಕೆಗಳನ್ನು ನಂಬಿ ಒಂದು ಪ್ರದೇಶವನ್ನು ಅಭ್ಯಾಸ ಮಾಡಿದವನಿಗೆ ಆ ಪ್ರದೇಶದ ಬಗ್ಗೆ ಬೇರೆಯವರು ಹೇಳಿದ್ದಷ್ಟೇ ಗೊತ್ತಿರುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುತ್ತೇನೆ. ಐಎಫ್‌ಎಸ್‌ಗೆ ದಾರಿ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆ. ಅದಕ್ಕೆ ಮಾನ್ಯತೆ ಪಡೆದ ಯಾವುದೇ ಪದವಿ ಸಾಕು. ಸಾಮಾನ್ಯ ವರ್ಗದವರಿಗೆ 32 ವರ್ಷದ ಮಿತಿ, ಆರು ಅವಕಾಶ ಮಾತ್ರ ಇರುವಾಗ ಎಂಎಗೆ ಕೊಡುವ ಎರಡು ವರ್ಷ ಸಣ್ಣದಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಅಧ್ಯಯನ ಶಾಲೆ ಸೈಸ್ (SAIS) ದೊಡ್ಡ ಶಾಲೆಯೇ, 1943ರಷ್ಟು ಹಳೆಯದು, ಅರ್ಥಶಾಸ್ತ್ರಕ್ಕೂ ಭಾಷೆಗೂ ಒತ್ತು ಕೊಡುವಂಥದು; ಆದರೂ ಆ ಪದವಿಯಿಂದ ಯುಪಿಎಸ್‌ಸಿಯಲ್ಲಿ ಒಂದಂಕವೂ ಹೆಚ್ಚುವರಿಯಾಗಿ ಬರದು. ಈ ಪರೀಕ್ಷೆಗಾಗಿ ಮನೆಯವರ ತಲೆಯ ಮೇಲೆ ಸಾಲ ಹೊರಿಸಬೇಡಿ.

ವಿಷಯದ ಮೇಲೆ ನಿಜವಾದ ಪ್ರೀತಿಯಿದ್ದರೆ ಜೆಎನ್‌ಯುಗೆ ಹೋಗಿ, ಅದರ ಎಂಎ ಪ್ರವೇಶ ಪರೀಕ್ಷೆಯಾದ ಸಿಯುಇಟಿ-ಪಿಜಿ ಬರೆಯಿರಿ. ಅರ್ಜಿ ತುಂಬುವ ಮೊದಲೇ ಯಾವ ಪ್ರದೇಶ, ಯಾವ ಭಾಷೆ ಎಂದು ತೀರ್ಮಾನಿಸಿಕೊಂಡು, ಮೊದಲ ಸೆಮಿಸ್ಟರಿನಲ್ಲೇ ಭಾಷಾ ತರಗತಿಗೆ ಸೇರಿಕೊಳ್ಳಿ. ಐಎಫ್‌ಎಸ್ ಒಂದೇ ಗುರಿಯಾದರೆ ಇದ್ದ ಊರಿನಲ್ಲೇ ಇದ್ದು ಪರೀಕ್ಷೆಗೆ ಓದಲು ಶುರುಮಾಡಿ.