ಹದಿನೇಳೂವರೆಯ ಮಗನ ಪರವಾಗಿ ನಾನು ಸಹಿ ಹಾಕಲೇ?

ಪ್ರಶ್ನೆ: ನನ್ನ ಮಗನಿಗೆ ಹದಿನೇಳೂವರೆ ವರ್ಷ. ದ್ವಿತೀಯ ಪಿಯುಸಿ ಮುಗಿಸಿ, ಅಗ್ನಿವೀರನಾಗಿ ಸೇನೆಗೆ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಹದಿನೆಂಟು ತುಂಬದವರ ಸೇರ್ಪಡೆ ಪತ್ರಕ್ಕೆ ಹೆತ್ತವರ ಸಹಿ ಬೇಕು. ಅವನ ತಂದೆ ತೀರಿಕೊಂಡು ಎರಡು ವರ್ಷವಾಯಿತು, ಸಹಕಾರ ಸಂಘದ ಸಾಲ ಇನ್ನೂ ತೀರಿಲ್ಲ. ದಿನವೂ ನಸುಕಿನಲ್ಲಿ ಎದ್ದು ಓಡುತ್ತಾನೆ. ಓಟಕ್ಕೆ ಹಿಡಿದ ಸಮಯವನ್ನು ಆ ಸಾಲದ ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿರುವುದನ್ನು ಮೊನ್ನೆ ನೋಡಿದೆ. ‘ದೇಶಕ್ಕೆ ಪ್ರಾಣ ಕೊಡಲು ವಯಸ್ಸಾಗಿದೆ, ವೋಟು ಹಾಕಲು ಆಗಿಲ್ಲ, ನನ್ನ ಪತ್ರಕ್ಕೆ ನಾನೇ ಸಹಿ ಹಾಕುವಂತಿಲ್ಲ. ಇದೆಂಥ ನ್ಯಾಯ?’ ಎಂದು ಕೇಳುತ್ತಾನೆ. ನೀವು ಹಾಕದಿದ್ದರೆ ಪೋಷಕನೆಂದು ನಾನೇ ಸಹಿ ಹಾಕುತ್ತೇನೆ ಎನ್ನುತ್ತಾರೆ ಮೈದುನ. ಹಾಕಿದರೆ ಕೈಯಾರೆ ಕಳಿಸಿಕೊಟ್ಟಂತೆ, ಹಾಕದಿದ್ದರೆ ಮಗ ಮಾತು ಬಿಡುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ತಾಯಿ, ನಿಮ್ಮನ್ನು ಹೆಚ್ಚು ಕಾಡುತ್ತಿರುವ ಭಯದಿಂದಲೇ ಶುರು ಮಾಡುತ್ತೇನೆ. ನೀವು ಇವತ್ತೇ ಸಹಿ ಹಾಕಿದರೂ ಹದಿನೆಂಟು ತುಂಬದ ನಿಮ್ಮ ಮಗನನ್ನು ಗಡಿಯ ಕಾಳಗಕ್ಕೆ ಕಳಿಸುವುದಿಲ್ಲ. ಮಕ್ಕಳನ್ನು ಯುದ್ಧದಿಂದ ದೂರವಿಡಲು ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಒಪ್ಪಂದವೊಂದಿದೆ. ಅದಕ್ಕೆ ಭಾರತ 2005ರಲ್ಲಿ ಸೇರಿತು. ಸೇನೆಗೆ ಸೇರಿ ತರಬೇತಿ ಮುಗಿಸಿದವರನ್ನೂ ಹದಿನೆಂಟು ತುಂಬಿದ ಮೇಲೆಯೇ ಕಾರ್ಯಾಚರಣೆಯ ಪ್ರದೇಶಕ್ಕೆ ಕಳಿಸುತ್ತೇವೆಂದು ಆಗಲೇ ಬರೆದುಕೊಟ್ಟಿತು. ತರಬೇತಿಗೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಒಂದು ವಿಷಯದಲ್ಲಿ ನೀವು ನಿದ್ದೆಗೆಡಬೇಕಾಗಿಲ್ಲ.

ಇನ್ನು ಅವನು ಕೇಳಿದ ಪ್ರಶ್ನೆ. ಅದನ್ನು ದಯವಿಟ್ಟು ಎಳಸು ಮಾತೆಂದು ತಳ್ಳಿಹಾಕಬೇಡಿ. ನಮ್ಮಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಅದಕ್ಕೂ ಮೊದಲು, 1965ರಲ್ಲಿ, 1971ರಲ್ಲಿ ಹೋರಾಡಿದ ಹದಿನೆಂಟು, ಹತ್ತೊಂಬತ್ತರ ಹುಡುಗರು ತಮ್ಮನ್ನು ಯುದ್ಧಕ್ಕೆ ಕಳಿಸುವ ಸರ್ಕಾರ ಯಾವುದಿರಬೇಕೆಂದು ಹೇಳುವ ಹಕ್ಕಿಲ್ಲದೆಯೇ ಹೋದರು. ಅವರ ಶೌರ್ಯದಲ್ಲಿ ಕೊರತೆಯೇನೂ ಇರಲಿಲ್ಲ. ಕಾರ್ಗಿಲ್ ಸಮರದಲ್ಲಿ ಟೈಗರ್ ಹಿಲ್ ಏರಿ ಪರಮ ವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ ಹತ್ತೊಂಬತ್ತೇ ವರ್ಷ. ಹಾಗಾಗಿ ‘ನೀನಿನ್ನೂ ಚಿಕ್ಕವನು, ನಿನಗೇನು ಗೊತ್ತು’ ಎಂಬ ಮಾತು ನಿಮ್ಮ ಬಾಯಿಂದ ಬರುವುದು ಬೇಡ. ಅವನ ಧೈರ್ಯ ಇಲ್ಲಿ ಚರ್ಚೆಯ ವಿಷಯವೇ ಅಲ್ಲ.

ಚರ್ಚೆಯಾಗಬೇಕಾದದ್ದು ಆ ಸಹಿ. ಹದಿನೆಂಟು ತುಂಬದ ಹುಡುಗ ಕಂತಿನಲ್ಲಿ ಬೈಕ್ ಕೊಳ್ಳುವ ಕರಾರಿಗೆ ಸಹಿ ಹಾಕಿದರೆ ನಮ್ಮ ಕಾನೂನು ಅದನ್ನು ಊರ್ಜಿತವೆಂದು ಒಪ್ಪುವುದಿಲ್ಲ. 1872ರ ಕರಾರು ಕಾಯ್ದೆಯ ಕಾಲದಿಂದಲೂ ಹಾಗೆಯೇ. ಅಗ್ನಿವೀರನಾದವನು ನಾಲ್ಕು ವರ್ಷದ ಮಾತು ಕೊಡುತ್ತಾನೆ. ನಡುವೆ ಮನಸ್ಸು ಬದಲಾಯಿತೆಂದು ತಾನಾಗಿ ಬಿಟ್ಟು ಬರುವಂತಿಲ್ಲ, ತೀರಾ ಅಸಾಧಾರಣ ಸಂದರ್ಭಗಳಲ್ಲಿ ಮೇಲಧಿಕಾರಿಗಳು ಒಪ್ಪಿದರೆ ಮಾತ್ರ ಬಿಡುಗಡೆ. ಸೇವೆ ಮುಗಿಯುವವರೆಗೆ ಮದುವೆಯಾಗುವಂತೆಯೂ ಇಲ್ಲ. ಇಷ್ಟು ಗಟ್ಟಿಯಾಗಿ ಕಟ್ಟಿಹಾಕುವ ಮಾತನ್ನು ಅದಕ್ಕೆ ಕಟ್ಟುಬೀಳುವವನೇ ಕೊಡಬೇಕು, ಇನ್ನೊಬ್ಬರು ಅವನ ಪರವಾಗಿ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಮಗ ‘ಇದೆಂಥ ನ್ಯಾಯ’ ಎಂದು ಕೇಳುವಾಗ ಹೇಳುತ್ತಿರುವುದೂ ಇದನ್ನೇ. ಆದರೆ ಅದಕ್ಕೆ ಪರಿಹಾರವೆಂದು ಅಮ್ಮನ ಸಹಿ ಕೇಳುತ್ತಿದ್ದಾನೆ. ಅವನ ವಾದವನ್ನೇ ಹಿಡಿದು ಹೊರಟರೆ ಅದು ತಲುಪುವುದು ಅವನ ಸ್ವಂತ ಸಹಿಗೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಆ ಪಾಸ್‌ಬುಕ್. ಬೇರೆ ಕಾಗದ ಸಿಗದೆ ಅದರಲ್ಲಿ ಬರೆದಿರಬಹುದು. ಆದರೂ ಸೇನೆಯ ದೈಹಿಕ ಪರೀಕ್ಷೆಯ 1.6 ಕಿಲೋಮೀಟರ್ ಓಟದ ನಿಮಿಷ, ಸೆಕೆಂಡುಗಳನ್ನು ಅಪ್ಪ ಉಳಿಸಿಹೋದ ಸಾಲದ ಲೆಕ್ಕದ ಹಿಂದೆಯೇ ಬರೆಯುವ ಹುಡುಗನನ್ನು ಒಂದು ಮಾತು ಕೇಳಲೇಬೇಕು: ಈ ಸಾಲ ಇಲ್ಲದಿದ್ದರೂ ನೀನು ಹೋಗುತ್ತಿದ್ದೆಯಾ? ಗದರಿಸಿ ಕೇಳಬೇಡಿ, ಅಳುತ್ತಲೂ ಕೇಳಬೇಡಿ. ಕೇಳಿದ ಮೇಲೆ ಅವನು ಸುಮ್ಮನಾದರೆ ಆ ಮೌನವನ್ನು ತುಂಬಲು ಹೋಗಬೇಡಿ, ಉತ್ತರ ಬರುವವರೆಗೆ ಕಾಯಿರಿ. ತಂದೆಯಿಲ್ಲದ ಮನೆಯಲ್ಲಿ ಗಂಡುಹುಡುಗರು ಯಾರೂ ಹೇಳದಿದ್ದರೂ ನೊಗಕ್ಕೆ ಹೆಗಲು ಕೊಟ್ಟುಬಿಡುತ್ತಾರೆ. ಅವನ ಹಟದ ಅಡಿಯಲ್ಲಿ ಇರುವುದು ಅದೇ ಆಗಿದ್ದರೆ, ಅದು ಸೇನೆಯ ಮೇಲಿನ ಪ್ರೀತಿಯಲ್ಲ, ನಿಮ್ಮ ಮೇಲಿನ ಪ್ರೀತಿ. ಆಗ ಮೊದಲು ಸರಿಮಾಡಬೇಕಾದದ್ದು ಸಾಲದ ವಿಷಯ. ಸಂಘದ ಕಾರ್ಯದರ್ಶಿಯನ್ನು ನೀವೇ ಹೋಗಿ ಕಂಡು, ಕಂತನ್ನು ಮರುಹೊಂದಿಸಲು ಸಾಧ್ಯವೇ ಎಂದು ವಿಚಾರಿಸಿ. ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ದೊಡ್ಡವರ ವ್ಯವಹಾರವನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ವಯಸ್ಸು ಅವನಿಗೆ ದಾಟಿದೆ.

ಹಣದ ಲೆಕ್ಕವನ್ನೂ ಇಬ್ಬರೂ ಕೂತು ಹಾಕಿ. 2022ರಲ್ಲಿ ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಪ್ರಕಟವಾದಾಗ ನಿಗದಿಯಾದಂತೆ ಮೊದಲ ವರ್ಷದ ತಿಂಗಳ ಸಂಬಳ 30,000 ರೂಪಾಯಿ. ಕೈಗೆ ಬರುವುದು 21,000. ಉಳಿದ 9,000 ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಬಿಟ್ಟು ಸುಮಾರು 10 ಲಕ್ಷ ರೂಪಾಯಿ. 48 ಲಕ್ಷದ ಜೀವವಿಮೆ ಇದೆ, ಪಿಂಚಣಿ ಇಲ್ಲ. ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು. ಉಳಿದ ಎಪ್ಪತ್ತೈದರಲ್ಲಿ ಒಬ್ಬನಾದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಏನು ಮಾಡುತ್ತಾನೆ? ಇದಕ್ಕೆ ಅವನ ಬಳಿ ಉತ್ತರವಿದ್ದರೆ, ಅವನು ಯೋಚಿಸಿಯೇ ಹೊರಟಿದ್ದಾನೆಂದು ನಂಬಿ.

ಸಾಲದ ಚಿಂತೆ ಕಳೆದ ಮೇಲೂ ಹೋಗಲೇಬೇಕೆನ್ನುತ್ತಾನೆಯೇ? ಹಾಗಿದ್ದರೆ ತಡೆಯಬೇಡಿ. ಅರ್ಜಿ ಹಾಕಲಿ. ಅರ್ಜಿ ಹಾಕಿದ ಮರುದಿನವೇ ಯಾರೂ ಸೈನಿಕರಾಗುವುದಿಲ್ಲ. ಆನ್‌ಲೈನ್ ಪರೀಕ್ಷೆ, ದೈಹಿಕ ಪರೀಕ್ಷೆ, ವೈದ್ಯಕೀಯ ತಪಾಸಣೆ, ಆಯ್ಕೆಪಟ್ಟಿ ಎಂದು ತಿಂಗಳುಗಳು ಉರುಳುತ್ತವೆ. ಸೇರ್ಪಡೆಯ ಹೊತ್ತಿಗೆ ಹದಿನೆಂಟು ತುಂಬಿದ್ದರೆ ಅವನೇ ಸಹಿ ಹಾಕುತ್ತಾನೆ. ನಿಮ್ಮ ಸಹಿ ಬೇಕೇ ಬೇಕು ಎಂಬ ಪರಿಸ್ಥಿತಿ ಬಂದರೆ, ಮುಂದಿನ ಸುತ್ತಿನವರೆಗೆ ಕಾಯಲು ಹೇಳಿ. ಯೋಜನೆ ಶುರುವಾದಾಗ ಇಟ್ಟ ವಯೋಮಿತಿಯೇ ಹದಿನೇಳೂವರೆಯಿಂದ ಇಪ್ಪತ್ತೊಂದು. ಒಂದು ಸುತ್ತು ತಪ್ಪಿದರೆ ಬಾಗಿಲೇನೂ ಮುಚ್ಚುವುದಿಲ್ಲ. ಆದರೆ ಅದರ ಜೊತೆಗೇ ನೀವೂ ಮಾತು ಕೊಡಬೇಕು: ‘ಹದಿನೆಂಟು ತುಂಬಿದ ದಿನದಿಂದ ನಾನು ಅಡ್ಡ ಬರುವುದಿಲ್ಲ.’ ಆ ದಿನ ಬಂದಾಗ ಎದೆನೋವು, ಹಬ್ಬ, ಜಾತಕ ಎಂದು ಹೊಸ ನೆಪ ತೆಗೆದರೆ ಅವನು ನಿಮ್ಮನ್ನು ಮತ್ತೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮತದಾರರ ಪಟ್ಟಿಗೆ ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಆ ಕೆಲಸವನ್ನು ಈ ವಾರವೇ ಮಾಡಲು ಹೇಳಿ.

ಮೈದುನರ ವಿಷಯ. ತಂದೆ ತೀರಿಕೊಂಡ ಮೇಲೆ ಮಗುವಿನ ಸಹಜ ಪೋಷಕಿ ತಾಯಿಯೇ ಎಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆ ಹೇಳುತ್ತದೆ. ನೀವಿರುವಾಗ ಚಿಕ್ಕಪ್ಪ ತಾನೇ ಪೋಷಕನೆಂದು ಬರೆದುಕೊಡುವಂತಿಲ್ಲ. ಇದನ್ನು ಜಗಳ ಮಾಡದೆ, ಮಗನ ಎದುರಿಗೇ ಅವರಿಗೆ ಹೇಳಿ. ಅಣ್ಣನ ಮಗನ ಮೇಲೆ ಅವರಿಗೆ ನಿಜವಾದ ಅಕ್ಕರೆಯಿದ್ದರೆ, ಸಂಘದ ಸಾಲದ ಮಾತುಕತೆಗೆ ಅವರೂ ಬರಲಿ.