ನ್ಯೂಗ್ರೇಂಜ್ ಕಟ್ಟಿದ್ದು ದೇವತೆಗಳಾ?

ಐರ್ಲೆಂಡ್‌ನ ನ್ಯೂಗ್ರೇಂಜ್ ದಿಬ್ಬ, ಅಂದರೆ ಕ್ರಿ.ಪೂ. 3200ರ ಸಮಾಧಿ, ಐರಿಷ್ ಪುರಾಣದ ದಾಗ್ದ ದೇವರ ಮನೆ ಹೇಗಾಯಿತು ಅಂತ ಕೇಳಿದ್ದೀರಿ. ಎರಡು ಬೇರೆ ಕಾಲ ಬೆರೆತುಹೋಗಿರುವುದೇ ನಿಮ್ಮ ಗೊಂದಲಕ್ಕೆ ಕಾರಣ ಇರಬೇಕು. ನ್ಯೂಗ್ರೇಂಜ್ ಕಟ್ಟಿದವರು ಶಿಲಾಯುಗದ ರೈತರು. ದೇವತೆಗಳ ಕಥೆಗಳನ್ನು ಬರೆದಿಟ್ಟವರು ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳು, ಸುಮಾರು ನಾಲ್ಕು ಸಾವಿರ ವರ್ಷದ ನಂತರ.

ನೋಡಲು ಹೊರಟರೆ ಮೊದಲು ನ್ಯೂಗ್ರೇಂಜ್‌ಗೇ ಹೋಗಿ. ಟಿಕೆಟ್ ಮುಂಚೆಯೇ ಬುಕ್ ಮಾಡಿ. ನೇರವಾಗಿ ಬಿಡುವುದಿಲ್ಲ, ಸಂದರ್ಶಕರ ಕೇಂದ್ರದಿಂದ ಬಸ್ ಇದೆ. ಬಾಗಿಲ ಮೇಲಿನ ಕಿಂಡಿ ನೋಡಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ಎಳೆಬಿಸಿಲು ಅಲ್ಲಿಂದ ಒಳಕೋಣೆ ಮುಟ್ಟುತ್ತದೆ. ಕಥೆಯಲ್ಲಿ ದಾಗ್ದ ಸೂರ್ಯನನ್ನು ಒಂಬತ್ತು ತಿಂಗಳು ತಡೆಯುತ್ತಾನೆ, ಮಗ ಏಂಗಸ್ 'ಒಂದೇ ದಿನದಲ್ಲಿ' ಹುಟ್ಟುತ್ತಾನೆ. ನಂಟಿದೆ ಅನ್ನಿಸುತ್ತದೆ, ಅಲ್ವಾ? ಇರಬಹುದು, ಸಾಬೀತು ಮಾಡಲಾಗದು. ನನಗೆ ಗಟ್ಟಿ ಪುರಾವೆ ಅನ್ನಿಸುವುದು ಅಲ್ಲಿ ಸಿಕ್ಕ ರೋಮನ್ ನಾಣ್ಯಗಳು. ಮೂರು ಸಾವಿರ ವರ್ಷ ಕಳೆದರೂ ಜನ ಆ ದಿಬ್ಬಕ್ಕೆ ಕಾಣಿಕೆ ಇಡುತ್ತಿದ್ದರು!

ಆಮೇಲೆ ಅರ್ಮಾ ಹತ್ತಿರದ ನಾವನ್ ಕೋಟೆ, ಅಂದರೆ ಕಥೆಗಳಲ್ಲಿ ಅಲ್ಸ್ಟರ್ (ಐರ್ಲೆಂಡ್‌ನ ಉತ್ತರದ ಪ್ರಾಂತ್ಯ) ರಾಜರ ರಾಜಧಾನಿ. ಅರಮನೆ ಹುಡುಕಬೇಡಿ. ಕ್ರಿ.ಪೂ. 95ರ ಹೊತ್ತಿಗೆ ಅಲ್ಲಿ 40 ಮೀಟರ್ ಅಗಲದ ದುಂಡು ಮರದ ಕಟ್ಟಡ ಎಬ್ಬಿಸಿ, ಕಲ್ಲು ತುಂಬಿ, ಬೇಕಂತಲೇ ಸುಟ್ಟಿದ್ದಾರೆ. ಅದಿರುವುದು ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿ. ಭಾರತದ ಪಾಸ್‌ಪೋರ್ಟ್ ಆದರೆ ಬ್ರಿಟನ್ ವೀಸಾ ನಿಯಮ ಮೊದಲೇ ನೋಡಿಕೊಳ್ಳಿ.