ಬೆಳಿಗ್ಗೆ ವಾಚಿನಲ್ಲಿ ಎಚ್‌ಆರ್‌ವಿ ಕಡಿಮೆ ತೋರಿಸಿದರೆ ಸೈಕಲ್ ಅಭ್ಯಾಸ ಬಿಡಬೇಕೇ?

ಒಂದೇ ದಿನದ ಅಂಕಿ ನೋಡಿ ಸೈಕಲ್ಲನ್ನು ಗೋಡೆಗೆ ಒರಗಿಸಬೇಡಿ. ಹೃದಯ ನಿಮಿಷಕ್ಕೆ 60 ಸಲ ಬಡಿದರೂ ಎರಡು ಬಡಿತಗಳ ನಡುವಿನ ಅಂತರ ಪ್ರತಿ ಸಲ ಸರಿಯಾಗಿ 1 ಸೆಕೆಂಡ್ ಇರುವುದಿಲ್ಲ. ಮಿಲಿಸೆಕೆಂಡುಗಳಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಆ ಏರುಪೇರೇ ಹಾರ್ಟ್ ರೇಟ್ ವೇರಿಯಬಿಲಿಟಿ, ಚುಟುಕಾಗಿ ಎಚ್‌ಆರ್‌ವಿ. ದೇಹವನ್ನು ವಿಶ್ರಾಂತಿಗೆ ಎಳೆಯುವ ವೇಗಸ್ ನರ ಚುರುಕಾಗಿದ್ದರೆ ಅದು ಸಾಮಾನ್ಯವಾಗಿ ಹೆಚ್ಚು. ದಣಿವು, ಜ್ವರ, ಮದ್ಯ ಅದನ್ನು ಇಳಿಸುತ್ತವೆ. ವಿಜಯಪುರದ ಏಪ್ರಿಲ್ ಸೆಕೆಗೆ ರಾತ್ರಿ ನಿದ್ದೆಗೆಟ್ಟರೂ ಇಳಿಯಬಹುದು, ಪಾಪ, ನಿನ್ನೆಯ ಸವಾರಿಯದೇ ತಪ್ಪೆನ್ನಬೇಡಿ.

ಎದ್ದ ಕೂಡಲೇ, ಚಹಾ ಕುಡಿಯುವ ಮುನ್ನ, ದಿನವೂ ಒಂದೇ ಭಂಗಿಯಲ್ಲಿ ಅಳೆಯಿರಿ. ಎದೆಗೆ ಕಟ್ಟುವ ಪಟ್ಟಿ ವಾಚಿಗಿಂತ ಹೆಚ್ಚು ನಂಬಿಕೆಗೆ ಅರ್ಹ. 7 ದಿನಗಳ ಸರಾಸರಿಯನ್ನು ನಿಮ್ಮದೇ ಹಳೆಯ ಸರಾಸರಿಗೆ ಹೋಲಿಸಿ, ಗೆಳೆಯನದಕ್ಕಲ್ಲ. ಸರಾಸರಿಯೇ ಇಳಿಯುತ್ತ ಹೋಗಿ, ಕಾಲುಗಳೂ ಭಾರವೆನಿಸಿದರೆ ಎರಡು ದಿನ ಹಗುರ ಸವಾರಿ ಮಾಡಿ.